ಉಪಯೋಗವಾದೀತು ಎಂದರು ಸಾಹೇಬರು

ಡಿಪೋದ ಗರಗಸ ಮರದೊಳಗೆ ಇಳಿಯುವ ಮೊದಲು ಸಣ್ಣ ದನಿಯಲ್ಲಿ ಕೀರುತ್ತಿತ್ತು. ಹಲ್ಲು ತಾಗಿದ ಮೇಲೆ ಆ ದನಿ ದಪ್ಪವಾಗಿ, ಹಲಗೆ ಬೇರೆಯಾಗಿ ಬೀಳುವ ಹೊತ್ತಿಗೆ ಯಾರೋ ನಿಟ್ಟುಸಿರು ಬಿಟ್ಟಂತೆ ನಿಂತುಹೋಗುತ್ತಿತ್ತು. ದಾಂಡೇಲಿಯಲ್ಲಿ, ಕಟ್ಟಿಗೆ ಗುತ್ತೇದಾರರ ಡಿಪೋದ ಬೆನ್ನಿಗೆ ಅಂಟಿಕೊಂಡಿದ್ದ ಆ ಚಾಳಿನ ಮನೆಗಳಿಗೆ ಅದೇ ಗಡಿಯಾರ. ಕೀರು ಕೇಳಿತೆಂದರೆ ಶಿವಗಂಗವ್ವ ಚರಿಗೆ ಹಿಡಿದು ತನ್ನ ಎಮ್ಮೆ ಚಂದ್ರಿಯ ಮಗ್ಗುಲಲ್ಲಿ ಕೂರುತ್ತಿದ್ದಳು. ಹಲಗೆ ಬಿತ್ತೆಂದರೆ ಅವಳ ಗಂಡ, ಡಿಪೋದ ಗುಮಾಸ್ತ ಈಶಪ್ಪ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬರುತ್ತಿದ್ದ.

ಆ ದಿನ ಗುಂಡಿ ಹಾಕಿಕೊಳ್ಳದೆಯೇ ಬಂದ. ಹೊಸ್ತಿಲ ಮೇಲೆ ನಿಂತು, ಪಟ್ಟಾಭಿಷೇಕಕ್ಕೆ ಹೊರಟವನ ಗತ್ತಿನಲ್ಲಿ ಸಾರಿದ.

"ಕೇಳಿಲ್ಲಿ. ಇವತ್ತಿನಿಂದ ಸಾಹೇಬ್ರ ಬಾಯಿಂದ ಬಂದ ಒಂದು ಮಾತೂ ನೆಲಕ್ಕ ಬೀಳಂಗಿಲ್ಲ. ನಾ ಬೀಳಗೊಡಂಗಿಲ್ಲ."

"ಬೀಳೂದ್ರಾಗ ಹಿಡೀಲಿಕ್ಕೆ ಬುಟ್ಟಿ ಒಯ್ತೀರೇನ್ರಿ?" ಎಂದಳು ಶಿವಗಂಗವ್ವ, ಎಮ್ಮೆಯ ಮಗ್ಗುಲಿಂದಲೇ.

"ನಗಬ್ಯಾಡ. ಅಡಿವೆಯ್ಯ ಏನಾದ, ನೆನಪೈತಿಲ್ಲೋ?"

ನೆನಪಿತ್ತು. ಚಾಳಿಗೆಲ್ಲ ನೆನಪಿತ್ತು. ಅಡಿವೆಯ್ಯ ಈಶಪ್ಪನ ಎದುರು ಮೇಜಿನ ಗುಮಾಸ್ತ. ಹೊಸದಾಗಿ ಬಂದ ಮ್ಯಾನೇಜರ್ ಸಾಹೇಬರು ಕಲಕತ್ತೆಯ ಕಡೆಯವರು, ಮೆತ್ತನೆಯ ಮನುಷ್ಯ. ಇಂಗ್ಲಿಷ್ ಬಿಟ್ಟು ಬೇರೆ ಆಡುತ್ತಿರಲಿಲ್ಲ; ಅದನ್ನೂ ಮಲಗಿದ ಕೂಸು ಎದ್ದೀತೆಂಬಂತೆ ಆಡುತ್ತಿದ್ದರು. ಒಂದು ಸಂಜೆ ಅವರು ಮೋಡ ನೋಡುತ್ತ, ಸಾಗವಾನಿ ಹಲಗೆಗಳ ಮೇಲೆ ತಾಡಪತ್ರಿ ಹೊದಿಸಿದರೆ "ಮೈಟ್ ಬಿ ಯೂಸ್‌ಫುಲ್" ಎಂದರು. ಉಪಯೋಗವಾದರೂ ಆದೀತು, ಅಷ್ಟೆ. ಅಡಿವೆಯ್ಯ "ಹೌದ್ರಿ ಸರ್, ಆದೀತು" ಎಂದು ಮನಸಾರೆ ಒಪ್ಪಿಕೊಂಡು, ಮನೆಗೆ ಹೋಗಿ ಉಂಡು ಮಲಗಿದ. ಮಳೆ ಬಿತ್ತು. ಹಲಗೆ ಕೆಟ್ಟವು. ಸಾಹೇಬರು ಬೈಯಲಿಲ್ಲ. ಕೆಲವು ದಿನ ಬಿಟ್ಟು, ಇನ್ನೂ ಮೆತ್ತಗೆ, "ಅಡಿವೆಯ್ಯ, ನಿಮ್ಮ ಅನುಭವ ಜೊಯಿಡಾದ ಕಾಡಿನ ಬಿಡಾರದಲ್ಲಿ ಬಹಳ ಉಪಯೋಗವಾದೀತು" ಎಂದರು. ಅಡಿವೆಯ್ಯ ಇದು ಹೊಗಳಿಕೆಯೆಂದು ತಿಳಿದು ಆಫೀಸಿಗೆಲ್ಲ ಪೇಢೆ ಹಂಚಿದ. ಪೇಢೆ ತಿಂದವರು ಕೈ ತೊಳೆಯುವುದರೊಳಗೆ ವರ್ಗಾವಣೆಯ ಹುಕುಂ ಬಂತು. ಹೆಂಡತಿ, ಮಕ್ಕಳು, ಹಾಸಿಗೆ ಸುರುಳಿ, ತುಳಸಿ ಗಿಡದ ಡಬ್ಬಿ ಸಮೇತ ಅವನು ಜೊಯಿಡಾದ ಬಸ್ಸು ಹತ್ತಿದ. ಆ ಬಸ್ಸು ಹೋಗುವುದು ದಿಟ, ಬರುವುದು ಅದರ ಮರ್ಜಿ. ಹತ್ತುವಾಗಲೂ ಅವನ ಮುಖದಲ್ಲಿ ತಾನು ಎಲ್ಲಿ ಎಡವಿದೆನೆಂಬುದು ತಿಳಿಯದ ಒಂದು ಬೆರಗು ಇತ್ತು. ಆ ಬೆರಗನ್ನು ನೋಡಿಯೇ ಈಶಪ್ಪ ಹೆದರಿದ್ದು.

"ಇಂಗ್ಲಿಷಿನ ಮರ್ಮ ನನಗ ಈಗ ತಿಳೀತು," ಎಂದ ಈಶಪ್ಪ. "ನಮ್ಮವರು ಬೇಕಂದ್ರ ಬೇಕು ಅಂತಾರ. ಅವರು ಹಂಗ ಅನ್ನಂಗಿಲ್ಲ. ಉಪಯೋಗ ಐತಿ ಅಂದ್ರ ಇವತ್ತ ಮಾಡು ಅಂತ. ಆದೀತು ಅಂದ್ರ ನಿನ್ನೇನ ಮಾಡಬೇಕಾಗಿತ್ತು ಅಂತ. ಇನ್ನೂ ಮೆತ್ತಗ ಅಂದ್ರು ಅಂದ್ರ..."

"ಪೇಢೆ ತರಬೇಕು," ಎಂದು ಶಿವಗಂಗವ್ವ ಚರಿಗೆ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಈಶಪ್ಪ ಮನೆಯಲ್ಲೂ ಸಾಹೇಬರ ರೀತಿಯನ್ನೇ ರೂಢಿ ಮಾಡಿಕೊಂಡ. ಊಟಕ್ಕೆ ಕೂತು ಸಾರನ್ನು ಬಹಳ ಹೊತ್ತು ನೋಡಿ, "ಇದಕ್ಕ ಒಂದೀಟು ಉಪ್ಪು ಇದ್ದಿದ್ರ ಉಪಯೋಗ ಆಗ್ತಿತ್ತೇನೋ" ಎಂದ. ಶಿವಗಂಗವ್ವ ಅದು ಉಪ್ಪಿನ ಬಗೆಗಿನ ಚಿಂತನೆಯೆಂದು ತಿಳಿದು ತಲೆಯಾಡಿಸಿದಳು. ಈಶಪ್ಪ ಕಾದ. ಉಪ್ಪು ಬರಲಿಲ್ಲ. ಸಪ್ಪೆ ಸಾರಿನಲ್ಲೇ ರೊಟ್ಟಿ ಮುರಿದು ತಿಂದು, ದೊಡ್ಡವರ ಹುಕುಂ ಬಡವರ ಮನೆಯಲ್ಲಿ ನಡೆಯುವುದಿಲ್ಲವೆಂದು ಮನಸ್ಸಿನಲ್ಲೇ ಅಂದುಕೊಂಡು ಎದ್ದ.

ಇಷ್ಟಕ್ಕೇ ಮುಗಿದಿದ್ದರೆ ನಗೆಯಾಗಿಯೇ ಉಳಿಯುತ್ತಿತ್ತು.

ಚಂದ್ರಿ ಶಿವಗಂಗವ್ವನ ತವರಿನ ಎಮ್ಮೆ. ಹಳಿಯಾಳದ ಹತ್ತಿರದ ಹಳ್ಳಿಯಿಂದ ಅವಳ ತಾಯಿ ಕಾಶೆವ್ವ, ತಾನು ಹಾಸಿಗೆ ಹಿಡಿಯುವ ಮೊದಲು, ಹಣೆಗೆ ಅರಿಶಿನ ಹಚ್ಚಿ ಕಳಿಸಿಕೊಟ್ಟದ್ದು. ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಕಾಶೆವ್ವ ತೀರಿದ ಮೇಲೆ ತವರಿನ ಕಡೆಯಿಂದ ಶಿವಗಂಗವ್ವನಿಗೆ ಉಳಿದದ್ದು ಆ ಚುಕ್ಕೆಯೊಂದೇ. ಚಂದ್ರಿ ಈದು ತಿಂಗಳೂ ತುಂಬಿರಲಿಲ್ಲ. ಕರು ಹೆಣ್ಣು. ಅದರ ಹಣೆಯಲ್ಲೂ ಚುಕ್ಕೆ ಇತ್ತು, ಇನ್ನೂ ಗಟ್ಟಿಯಾಗದ, ಹಾಲು ಚೆಲ್ಲಿದಂಥ ಚುಕ್ಕೆ.

ಒಂದು ಭಾನುವಾರದ ಸಂಜೆ ಸಾಹೇಬರು ಕೈಕೋಲು ಹಿಡಿದು ಚಾಳಿನ ದಾರಿಯಲ್ಲಿ ವಾಯುಸೇವನೆಗೆ ಬಂದರು. ದಾರಿಗೆ ಅಡ್ಡವಾಗಿ ಚಂದ್ರಿ ನಿಂತಿತ್ತು. ಎಮ್ಮೆಗೆ ಸಾಹೇಬರೂ ಒಂದೇ, ಸೌದೆ ಗಾಡಿಯೂ ಒಂದೇ, ಸರಿಯಲಿಲ್ಲ. ಸಾಹೇಬರು ಎಡಕ್ಕೆ ಹೋದರೆ ಎಡಕ್ಕೆ ಕೋಡು, ಬಲಕ್ಕೆ ಹೋದರೆ ಬಲಕ್ಕೆ ಬಾಲ. ಅಷ್ಟರಲ್ಲಿ ಈಶಪ್ಪ ಅಂಗಿಯ ಒಂದು ತೋಳು ಹಾಕಿಕೊಂಡು, ಇನ್ನೊಂದನ್ನು ಬೆನ್ನ ಹಿಂದೆ ಹುಡುಕುತ್ತ ಓಡಿಬಂದ. ಹೆದರಿದ್ದು ಗೊತ್ತಾಗಬಾರದೆಂದು ಸಾಹೇಬರು ಏನಾದರೂ ಆಡಲೇಬೇಕಾಯಿತು. ಎಮ್ಮೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳ್ಳೆಯ ಪ್ರಾಣಿ ಎಂದರು. ಇಂಥ ಊರಿನಲ್ಲಿ ಒಂದು ಎಮ್ಮೆ "ಮೈಟ್ ಬಿ ವೆರಿ ಯೂಸ್‌ಫುಲ್" ಎಂದರು. ಶಿವಗಂಗವ್ವ ಬಂದು ಚಂದ್ರಿಯ ಬೆನ್ನಿಗೆ ಒಂದು ತಟ್ಟಿದಳು. ಎಮ್ಮೆ ಸರಿಯಿತು, ಸಾಹೇಬರು ಹೋದರು.

ಈಶಪ್ಪ ಅಂಗಿಯ ಇನ್ನೊಂದು ತೋಳನ್ನು ಹಾಗೇ ಬಿಟ್ಟು ಕಟ್ಟೆಯ ಮೇಲೆ ಕೂತ.

"ಏನಾತ್ರಿ?"

"ಕೇಳಲಿಲ್ಲೇನು? ಬಹಳ ಉಪಯೋಗ ಆದೀತು ಅಂದ್ರು. ಬಹಳ ಅಂದ್ರು. ಅದೂ ಎಷ್ಟು ಮೆತ್ತಗ."

"ಎಮ್ಮಿ ಉಪಯೋಗದ್ದು ಅಂತ ಕಲಕತ್ತೆಯಿಂದ ಬಂದು ಹೇಳಬೇಕೇನು? ನನಗ ಹುಟ್ಟಿದಾಗಿಂದ ಗೊತ್ತೈತಿ."

"ನಿನಗ ತಿಳಿಯಂಗಿಲ್ಲ. ಎಮ್ಮಿ ಕೇಳಿದ್ರು ಅವರು."

ಶಿವಗಂಗವ್ವ ಗಂಡನ ಮುಖ ನೋಡಿದಳು. ಅದರಲ್ಲಿ ಅಡಿವೆಯ್ಯ ಹತ್ತಿದ್ದ ಬಸ್ಸು ಕಾಣುತ್ತಿತ್ತು.

"ನನ್ನ ತವರಿನ ಎಮ್ಮಿರೀ ಅದು."

"ನಿನ್ನ ತವರು ಜೊಯಿಡಾದ ಕಾಡಿನಾಗ ಬಂದು ನಮ್ಮನ್ನ ಸಾಕ್ತೈತೇನು?"

ಅವಳು ಅತ್ತಳು, ಬೈದಳು, ಎಮ್ಮೆ ಕಟ್ಟಿದ ಕಣ್ಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಳಿಗ್ಗೆ ಗರಗಸ ಕೀರುವ ಮೊದಲೇ ಈಶಪ್ಪ ಚಂದ್ರಿಯನ್ನು ಹೊಡೆದುಕೊಂಡು ಹೋದ. ಕರು ಹಿಂದೆ ಓಡಿತು. ಅದನ್ನು ತಂದು ಗೂಟಕ್ಕೆ ಕಟ್ಟಿದ.

"ಕರು ಬಿಟ್ಟು ಎಮ್ಮಿ ಒಯ್ಯೋರು ಎಲ್ಲಿದಾರ್ರೀ? ಕರೂನೂ ಒಯ್ರಿ."

"ಸಾಹೇಬ್ರು ಎಮ್ಮಿ ಅಂದ್ರು. ಕರು ಅನ್ನಲಿಲ್ಲ. ಹುಕುಮಿಗೆ ನಮ್ಮ ಕಡೆಯಿಂದ ಬಾಲ ಹಚ್ಚಬಾರದು."

ಕಾಳಿ ಹೊಳೆಯ ದಂಡೆಯ ಬಂಗಲೆಯಲ್ಲಿ ಸಾಹೇಬರು ಹಲ್ಲುಜ್ಜುತ್ತ ಹೊರಗೆ ಬಂದಾಗ ಅಂಗಳದಲ್ಲಿ ಎಮ್ಮೆ ನಿಂತಿತ್ತು, ಪಕ್ಕದಲ್ಲಿ ಕೈಮುಗಿದುಕೊಂಡು ಗುಮಾಸ್ತ ನಿಂತಿದ್ದ. ಸಾಹೇಬರ ಬಾಯಲ್ಲಿ ಬ್ರಶ್ ಹಾಗೇ ನಿಂತಿತು. ಕೊನೆಗೆ ನೊರೆ ಉಗಿದು, ಎಷ್ಟು ದಯೆ ನಿಮ್ಮದು ಎಂದು ಪಿಸುಗುಟ್ಟಿ ಒಳಗೆ ಹೋದರು. ಈಶಪ್ಪ ಗೆದ್ದವನಂತೆ ಮನೆಗೆ ಬಂದ.

ಒಳಗೆ ಏನು ನಡೆಯಿತೆಂಬುದನ್ನು ಶಿವಗಂಗವ್ವನಿಗೆ ಹೇಳಿದವನು ಬಂಗಲೆಯ ಅಡುಗೆಯವ ಪಾವ್ಲು. ಹಳಿಯಾಳ ಕಡೆಯ ಸಿದ್ದಿ ಜನದವನು. ಗೋವೆಯಲ್ಲಿ ಬಟ್ಲರನಾಗಿದ್ದು ಮುರುಕು ಇಂಗ್ಲಿಷು, ಇಡಿಯಾದ ಮೀಸೆ ಎರಡನ್ನೂ ಅಲ್ಲಿಂದಲೇ ತಂದವನು. ಎರಡನೆಯ ದಿನ ಮೊಣಕಾಲಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು, ಕುಂಟುತ್ತ ಬಂದ.

"ಅಕ್ಕಾರ, ನಿಮ್ಮದೊಂದು ಹಳೇ ಸೀರಿ ಕೊಡ್ರಿ."

"ಯಾಕೋ?"

"ನಿಮ್ಮ ಎಮ್ಮಿ ನನ್ನನ್ನ ಹತ್ರ ಬಿಡವಲ್ಲದು. ಕೆಚ್ಚಲ ಕಲ್ಲಾಗೇತಿ. ಮುಟ್ಟಿದ್ರ ಒದೀತೈತಿ. ನಿಮ್ಮ ಸೀರಿ ಉಟ್ಟುಕೊಂಡು ಕೂತ್ರ ನೀವಽ ಅಂತ ತಿಳಕೊಂಡೀತು."

ನೆರೆಮನೆಯ ಮರಾಠಿ ಹೆಂಗಸು ಗೋದುಬಾಯಿ ಗೋಡೆಯ ಆಚೆಯಿಂದ ತಲೆ ಹಾಕಿದಳು. "ಅಗ ಬಾಯಿ, ಮೀಸಿ ಏನ್ ಮಾಡ್ತೀಯೋ ಪಾವ್ಲು? ಸೆರಗಿನಾಗ ಮುಚ್ಚತೀ ಏನು?"

"ಎಮ್ಮಿ ಹಿಂದಕ್ಕ ತಿರುಗಿ ನೋಡದಿದ್ರ ಸಾಕು, ಬಾಯಿ."

ಶಿವಗಂಗವ್ವನಿಗೆ ನಗು ಬರಲಿಲ್ಲ. ಹಾಲು ಕರೆಯುವಾಗ ದಿನಾ ಉಡುತ್ತಿದ್ದ ಹಸಿರು ಇಳಕಲ್ಲಿನ ಸೀರೆ ತಂದು ಕೊಟ್ಟಳು. "ಮೊದಲ ಕತ್ತು ತುರಸು. ಆಮ್ಯಾಲ ಮುಟ್ಟು. ನೋಯಿಸಬ್ಯಾಡ," ಎಂದಳು. "ಸಾಹೇಬ್ರು ಏನಂದ್ರು?"

"ಈ ಊರಾಗ ಹೊಸಬ್ರಿಗೆ ಎಮ್ಮಿ ಕೊಡೂದು ಪದ್ಧತಿ ಏನು ಅಂತ ಕೇಳಿದ್ರು. ತಿರುಗಿ ಕಳಿಸಿದ್ರ ಸಿಟ್ಟಿಗೇಳ್ತಾರೇನು ಅಂತ ಕೇಳಿದ್ರು."

"ನೀ ಏನಂದಿ?"

ಪಾವ್ಲು ನೆಲ ನೋಡಿದ. "ಹೌದು ಅಂದೆ. ಮನ್ಯಾಗ ನಾಕು ಹನಿ ಹಾಲು ಆಗ್ತಾವ, ನನಗೂ ಚಾಕ್ಕ ಬರ್ತಾವ ಅಂತ ಆಸೆ. ಸಾಹೇಬ್ರು ಡಬ್ಬಿ ಹಾಲು ಬಿಟ್ಟು ಬೇರೆ ಕುಡಿಯಂಗಿಲ್ಲ ಅಕ್ಕಾರ."

ಆ ಸಂಜೆ ಬಂಗಲೆಯ ಅಂಗಳದಲ್ಲಿ ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದ ಒಂದು ಆಕೃತಿ ಎಮ್ಮೆಯ ಮಗ್ಗುಲಲ್ಲಿ ಕೂತದ್ದನ್ನು ಸಾಹೇಬರು ಕಿಟಕಿಯಿಂದ ಕಂಡರು. ಊರಿನ ಪದ್ಧತಿಯ ಮುಂದಿನ ಭಾಗವಿದು ಎಂದುಕೊಂಡು ಗೌರವದಿಂದ ಪರದೆ ಎಳೆದರು. ಚಂದ್ರಿ ಸೀರೆಯನ್ನು ಮೂಸಿತು. ಸೀರೆ ಶಿವಗಂಗವ್ವನದು, ಒಳಗಿನ ಬೀಡಿ ವಾಸನೆ ಪಾವ್ಲುವಿನದು. ಒಂದು ಗಳಿಗೆ ಅನುಮಾನಿಸಿ, ಅವನ ಇನ್ನೊಂದು ಮೊಣಕಾಲನ್ನೂ ಸರಿಸಮ ಮಾಡಿತು.

ಹೀಗೆ ಬಂಗಲೆಯಲ್ಲಿ ಹಾಲು ಕೆಚ್ಚಲಲ್ಲೇ ಉಳಿಯಿತು, ಚಾಳಿನಲ್ಲಿ ಕರು ಹಸಿದುಕೊಂಡೇ ಉಳಿಯಿತು. ಶಿವಗಂಗವ್ವ ಬಿದಿರಿನ ಗೊಟ್ಟದಲ್ಲಿ ನುಚ್ಚಿನ ಗಂಜಿ ಹಾಕಿ ಬಾಯಿಗೆ ಹಿಡಿದಳು. ಕರು ಎರಡು ಗುಟುಕು ಕುಡಿದು, ಉಳಿದದ್ದನ್ನು ಮೂಗಿನಿಂದ ಬಿಟ್ಟು, ಅವಳ ಮೊಣಕೈಯನ್ನು ಚೀಪಿತು. ಗೋದುಬಾಯಿ ಆಕಳ ಹಾಲು ತಂದಳು. ಅದನ್ನು ಕುಡಿಯಿತು, ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸಂಜೆಯ ಗಾಳಿ ಹೊಳೆಯ ಕಡೆಯಿಂದ ಬೀಸಿದಾಗ ಚಂದ್ರಿ ಕೂಗುವುದು ಕೇಳುತ್ತಿತ್ತು. ಆಗ ಕರು ಕಿವಿ ಎತ್ತುತ್ತಿತ್ತು. ಗಾಳಿ ತಿರುಗಿದರೆ ಇಳಿಸುತ್ತಿತ್ತು.

"ಕರೂನ್ನ ನಾ ಹೊತ್ತುಕೊಂಡು ಹೋಗ್ತೇನಿ," ಎಂದಳು ಶಿವಗಂಗವ್ವ.

"ಹುಚ್ಚೇನು? ಕೇಳದಽ ಒಯ್ದು ಕೊಟ್ರ ಅವರಿಗೆ ಬುದ್ಧಿ ಹೇಳಿದಂಗ ಆಗ್ತೈತಿ. ಎಮ್ಮಿ ಕೇಳುವಾಗ ಕರು ಕೇಳೂದು ತಿಳೀಲಿಲ್ಲೇನು ನಿಮಗ ಅಂದಂಗ."

"ಹಂಗಾರ ನೀವು ಹೋಗಿ ಹೇಳ್ರಿ. ಕರು ಸಾಯಾಕತ್ತೇತಿ ಅಂತ ಹೇಳ್ರಿ."

"ಹೇಳ್ತೇನಿ. ಆದ್ರ ಅವರ ರೀತಿಯಾಗಽ ಹೇಳಬೇಕು."

ರಾತ್ರಿಯಿಡೀ ವಾಕ್ಯ ಕಟ್ಟಿದ. ಬೇಕು ಎನ್ನುವಂತಿಲ್ಲ, ಅದು ಒರಟು. ಸಾಯುತ್ತದೆ ಎನ್ನುವಂತಿಲ್ಲ, ಅದು ಹೆದರಿಸಿದ ಹಾಗೆ. ಮರುದಿನ ಸಾಹೇಬರು ಹಲಗೆಯ ರಾಶಿ ನೋಡುತ್ತ ನಡೆಯುವಾಗ ಹಿಂದಿನಿಂದ ಸೇರಿಕೊಂಡು, ಎಮ್ಮೆಗೆ ಕರು ಇದ್ದರೆ "ಮೈಟ್ ಬಿ ಯೂಸ್‌ಫುಲ್, ಸರ್" ಎಂದ. ತನ್ನ ಜೀವಮಾನದಲ್ಲೇ ಅಷ್ಟು ಮೆತ್ತಗೆ ಏನನ್ನೂ ಆಡಿರಲಿಲ್ಲ. ಸಾಹೇಬರು ತಿರುಗಿ, ಹೌದು, ಅದರಲ್ಲಿ ಸಂಶಯವೇ ಇಲ್ಲ ಎಂದು ನಕ್ಕು, ಮುಂದಿನ ರಾಶಿಗೆ ಹೋದರು.

"ಏನಂದ್ರು?" ಶಿವಗಂಗವ್ವ ಬಾಗಿಲಲ್ಲೇ ಕಾದಿದ್ದಳು.

"ಒಪ್ಪಿಕೊಂಡ್ರು."

"ಒಯ್ಯಲೇನು?"

"ಒಯ್ಯು ಅನ್ನಲಿಲ್ಲ."

"ಮತ್ತೇನು ಒಪ್ಪಿಕೊಂಡ್ರು?"

ಈಶಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಅವನಿಗೂ ಆಗ ತಿಳಿದಿರಬೇಕು. ಉಪಯೋಗವಾದೀತೆಂಬ ಮಾತು ಮೇಲಿನವರ ಬಾಯಿಂದ ಕೆಳಗೆ ಬರುವಾಗ ಸಾಗವಾನಿ ದಿಮ್ಮಿಯ ಹಾಗೆ ಬರುತ್ತದೆ. ಕೆಳಗಿನವರು ಅದನ್ನೇ ಮೇಲಕ್ಕೆ ಕಳಿಸಿದರೆ ಗರಗಸದ ಹೊಟ್ಟಿನ ಹಾಗೆ ಹಾರಿಹೋಗುತ್ತದೆ. ಅಡಿವೆಯ್ಯ ಸಾಹೇಬರಿಗೆ ತಲೆಯಾಡಿಸಿದ್ದ ಹಾಗೆಯೇ ಸಾಹೇಬರು ಈಶಪ್ಪನಿಗೆ ತಲೆಯಾಡಿಸಿದ್ದರು. ಸಾಹೇಬರನ್ನು ಜೊಯಿಡಾಕ್ಕೆ ಕಳಿಸುವವರು ಮಾತ್ರ ಯಾರೂ ಇರಲಿಲ್ಲ.

"ನಾಳಿ ಇನ್ನೊಮ್ಮೆ ಹೇಳ್ತೇನಿ," ಎಂದ. "ಇನ್ನೊಂದೀಟು ಗಟ್ಟಿಯಾಗಿ."

ಮರುದಿನ ಗರಗಸ ಕೀರಿತು. ಶಿವಗಂಗವ್ವ ರೂಢಿಯಂತೆ ಚರಿಗೆ ಹಿಡಿದು ಎದ್ದು, ಎಮ್ಮೆ ಇಲ್ಲವೆಂದು ನೆನಪಾಗಿ ಅದನ್ನು ಇಟ್ಟು, ಗಂಜಿಯ ಗೊಟ್ಟ ಹಿಡಿದು ಕೊಟ್ಟಿಗೆಗೆ ಹೋದಳು. ಕರು ಕಾಲು ಮಡಿಚಿಕೊಂಡು, ಕತ್ತನ್ನು ಹೊಳೆಯ ಕಡೆಗೆ ಚಾಚಿ ಮಲಗಿತ್ತು. ಕಿವಿ ಎತ್ತಿದ ಹಾಗೇ ಇತ್ತು. ಅವಳು ಕೂತು ಹಣೆಯ ಚುಕ್ಕೆಯ ಮೇಲೆ ಕೈ ಇಟ್ಟಳು. ಡಿಪೋದಲ್ಲಿ ಹಲಗೆ ಬಿತ್ತು.

ಎಷ್ಟು ಹೊತ್ತು ಕೂತಿದ್ದಳೋ. ಪಾವ್ಲು ಕುಂಟುತ್ತ ಓಡಿಬಂದಾಗ ಬಿಸಿಲು ಕೊಟ್ಟಿಗೆಯೊಳಗೆ ಬಂದಿತ್ತು. ಅವನ ಕೈಯಲ್ಲಿ ಒಗೆದು ಮಡಿಚಿದ ಹಸಿರು ಸೀರೆ.

"ಅಕ್ಕಾರ, ತಡೀಲಾರದಽ ನಾನಽ ಹೇಳಿಬಿಟ್ಟೆ. ಕರುಗೆ ಹಾಲಿಲ್ಲ, ಸಾಯ್ತೈತಿ ಅಂದೆ. ಸಾಹೇಬ್ರ ಮಾರಿ ಬಿಳಿ ಆತು. ಕರು ಇಲ್ಲಿ ಇದ್ರ ಉಪಯೋಗ ಆದೀತು ಅಂದ್ರು. ಲಗೂನ..." ಎಂದವನು ಅವಳ ಕೈ ಎಲ್ಲಿದೆಯೆಂದು ನೋಡಿ ಸೀರೆಯನ್ನು ಅವಳ ಮಗ್ಗುಲಲ್ಲಿ ಇಟ್ಟ.

ಅವನ ಕೊನೆಯ ಮಾತು ಕೇಳಿಸಿದ್ದು ಈಶಪ್ಪನಿಗೆ. ಡಿಪೋಕ್ಕೂ ಹೋಗದೆ ಒಳಗೆ ಆ ದಿನದ ವಾಕ್ಯ ಕಟ್ಟುತ್ತ ಕೂತಿದ್ದವನು ಓಡಿಬಂದ. ಹುಕುಂ ಬಂದಿತ್ತು. ಕರು ಸತ್ತಿತ್ತು. ಎರಡರ ನಡುವೆ ನಿಂತು, ಸಾಹೇಬರ ತಾಡಪತ್ರಿಯನ್ನು ತಾನೇ ಮರೆತವನಂತೆ ನಡುಗಿದ.

"ಈಗೇನು ಮಾಡೂದು? ಕರು ಬೇಕಂದಾರ." ಅವನ ಕಣ್ಣು ಕೊಟ್ಟಿಗೆಯ ಮೂಲೆಯ ಹುಲ್ಲಿನ ಮೇಲೆ ಬಿತ್ತು. "ಹಳ್ಳ್ಯಾಗ ಮಾಡ್ತಾರಲ್ಲ. ತೊಗಲು ಸುಲಿದು, ಒಳಗ ಹುಲ್ಲು ತುಂಬಿ ಎಮ್ಮಿ ಮುಂದ ನಿಲ್ಲಿಸ್ತಾರ. ಎಮ್ಮಿ ನೆಕ್ಕೋತ ಹಾಲು ಬಿಡ್ತೈತಿ. ಸಾಹೇಬ್ರಿಗೆ ಗೊತ್ತೂ ಆಗಂಗಿಲ್ಲ. ಹಂಗ ಮಾಡಿದ್ರ ಉಪಯೋಗ..."

ಪಾವ್ಲು ಮುಖ ತಿರುಗಿಸಿಕೊಂಡ. ಶಿವಗಂಗವ್ವ ಗಂಡನನ್ನು ನೋಡಲಿಲ್ಲ. ಹಸಿರು ಸೀರೆಯ ಮಡಿಕೆ ಬಿಚ್ಚಿ, ಕರುವಿನ ಮೇಲೆ ಕಿವಿ ಮುಚ್ಚುವ ಹಾಗೆ ಹೊದಿಸಿದಳು. ಗೂಟದಿಂದ ಕಣ್ಣಿ ಬಿಚ್ಚಿಕೊಂಡಳು.

"ಹೋಗೂಣು ನಡಿ, ಪಾವ್ಲು," ಎಂದಳು.

ಬಂಗಲೆಯ ವರಾಂಡದಲ್ಲಿ ಸಾಹೇಬರು ಡಬ್ಬಿ ಹಾಲಿನ ಚಹಾ ಮುಂದಿಟ್ಟುಕೊಂಡು, ಕುಡಿಯದೆ ಕೂತಿದ್ದರು. ರಾತ್ರಿಯಿಡೀ ಎಮ್ಮೆಯ ಕೂಗು ನಿದ್ದೆಗೆಡಿಸಿದ ಕಣ್ಣು. ಕಣ್ಣಿ ಹಿಡಿದ ಹೆಂಗಸು, ಅವಳ ಹಿಂದೆ ಕುಂಟುವ ಅಡುಗೆಯವ, ಅವನ ಹಿಂದೆ ಓಡುತ್ತಿರುವ ಗುಮಾಸ್ತ, ಈ ಮೆರವಣಿಗೆ ಮೆಟ್ಟಿಲ ಬಳಿ ಬಂದಾಗ ಎದ್ದು ನಿಂತರು.

"ನನ್ನ ಎಮ್ಮಿ ನನಗ ಬೇಕು," ಎಂದಳು ಶಿವಗಂಗವ್ವ.

ಈಶಪ್ಪ ನಡುವೆ ಬಂದು, ತನ್ನ ಹೆಂಡತಿಯ ಅಭಿಪ್ರಾಯದಲ್ಲಿ ಎಮ್ಮೆಯು ಮನೆಯಲ್ಲಿದ್ದರೆ ಬಹುಶಃ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ಪಾವ್ಲು ಅವನನ್ನು ಮೊಣಕೈಯಿಂದ ಬದಿಗೆ ಸರಿಸಿ, ತನ್ನ ಮುರುಕು ಇಂಗ್ಲಿಷಿನಲ್ಲಿ ಅವಳು ಆಡಿದ್ದಷ್ಟನ್ನೇ ಹೇಳಿದ. ಕರು ಸತ್ತದ್ದನ್ನೂ ಹೇಳಿದ.

ಸಾಹೇಬರು ಚಹಾದ ಕಪ್ಪನ್ನು ದೂರ ಸರಿಸಿದರು. ಆಮೇಲೆ ಪಾವ್ಲುವಿಗೆ ಏನೇನೋ ಹೇಳಿದರು. ಪಾವ್ಲು ಅದನ್ನು ಚಿಕ್ಕದು ಮಾಡಿ ಹೇಳಿದ: "ಎಮ್ಮಿ ಅವರಿಗೆ ಎಂದೂ ಬೇಕಾಗಿರಲಿಲ್ಲಂತ, ಅಕ್ಕಾರ. ಆ ದಿನ ದಾರ್‍ಯಾಗ ಏನರ ಒಂದು ಚಲೋ ಮಾತು ಆಡಬೇಕಾಗಿತ್ತು, ಆಡಿದ್ರಂತ. ಯಾರೂ ಯಾಕ ಹೇಳಲಿಲ್ಲ ಅಂತ ಕೇಳ್ತಾರ."

ಶಿವಗಂಗವ್ವ ಎಮ್ಮೆಯ ಹತ್ತಿರ ಹೋದಳು. ಚಂದ್ರಿಯ ಕತ್ತು ತುರಿಸಿದಳು. ಅಲ್ಲೇ ಕೂತು, ಕಲ್ಲಾದ ಕೆಚ್ಚಲನ್ನು ಬೆರಳ ತುದಿಯಿಂದ ಮೆಲ್ಲನೆ ತೀಡಿ, ಹಾಲನ್ನು ನೆಲಕ್ಕೇ ಹಿಂಡಿದಳು. ಚಂದ್ರಿ ಒದೆಯಲಿಲ್ಲ. ಹಾಲಿನೊಡನೆ ಸ್ವಲ್ಪ ನೆತ್ತರೂ ಬಂತು. ಅಂಗಳದ ಕೆಂಪು ಮಣ್ಣು ಎರಡನ್ನೂ ಕುಡಿಯಿತು. ನೋವು ಇಳಿದ ಮೇಲೆ ಅವಳು ಎದ್ದು, ಕೊರಳಿಗೆ ಕಣ್ಣಿ ಹಾಕಿ ಹೊರಟಳು.

ಹಿಂದಿನಿಂದ ಸಾಹೇಬರ ದನಿ ಕೇಳಿತು, ಎಂದಿಗಿಂತ ಮೆತ್ತಗೆ. ಈಶಪ್ಪನಿಗೆ ಏನೋ ಹೇಳಿದರು. ಈಶಪ್ಪ ಬಾಗಿ, ಇನ್ನೊಮ್ಮೆ ಬಾಗಿ, ಆಮೇಲೆ ದಾರಿಯಲ್ಲಿ ಏದುಸಿರು ಬಿಡುತ್ತ ಅವಳನ್ನು ಕೂಡಿಕೊಂಡ.

"ಕೇಳಿದ್ಯೇನು? ನನ್ನಂಥ ನಿಷ್ಠೆ ಇದ್ದವರಿಂದ ಜೊಯಿಡಾ ಕಡೆ ಬಹಳ ಉಪಯೋಗ ಆದೀತು ಅಂದ್ರು." ಅವನ ಮುಖದಲ್ಲಿ ಅಡಿವೆಯ್ಯನ ಬೆರಗು ಬಂದು ಕೂತಿತ್ತು. "ಹೊಗಳಿದ್ರೋ, ಹುಕುಂ ಮಾಡಿದ್ರೋ? ಒಂದೊಂದು ಸಲ ಸುಮ್ಮನ ಚಲೋ ಮಾತೂ ಆಡ್ತಾರಂತ ಪಾವ್ಲು ಅಂದನಲ್ಲ. ಏ, ನಿನಗ ಏನನಸ್ತೈತಿ?"

ಚಾಳು ಕಾಣುವ ತಿರುವು ಬಂದಿತ್ತು. ಚಂದ್ರಿ ಮೂಗು ಎತ್ತಿ ಗಾಳಿ ಹಿಡಿಯಿತು. ಮನೆಯ ದಿಕ್ಕಿಗೆ ಒಮ್ಮೆ, ಕರುವನ್ನು ಕರೆಯುವ ಸಣ್ಣ ದನಿಯಲ್ಲಿ ಕೂಗಿ, ಉತ್ತರಕ್ಕೆ ಕಿವಿ ಎತ್ತಿ ನಿಂತಿತು. ಆಮೇಲೆ ಕಣ್ಣಿ ಜಗ್ಗಿತು. ಶಿವಗಂಗವ್ವ ಅದನ್ನು ತಡೆಯಲಿಲ್ಲ. ಅದರ ಜೊತೆಗೆ ತಾನೂ ಹೆಜ್ಜೆ ಬಿರುಸು ಮಾಡಿದಳು.

"ಹೇಳ, ಏನು ಮಾಡ್ಲಿ ನಾ?" ಈಶಪ್ಪ ಹಿಂದಿನಿಂದ ಕೂಗಿದ.

ಅವಳು ತಿರುಗಲಿಲ್ಲ. ಆದರೆ ಅವಳ ದನಿ ಸಾಹೇಬರ ದನಿಯಷ್ಟೇ ಮೆತ್ತಗಿತ್ತು.

"ಹಾಸಿಗಿ ಸುತ್ತಿ ಇಟ್ಟುಕೊಂಡ್ರ ಉಪಯೋಗ ಆದೀತು ನೋಡ್ರಿ. ಒಂದಽ ಹಾಸಿಗಿ ಸಾಕಾದೀತು, ಯಾಕಂದ್ರ ನಾನು ಈ ಎಮ್ಮಿ ಹೊಡಕೊಂಡು ಹಳಿಯಾಳದ ದಾರಿ ಹಿಡಿಯಾಕಿ," ಎನ್ನುತ್ತಲೇ ತಿರುವು ದಾಟಿ ಮರೆಯಾದಳು.